ಚಿಪ್ಪುಹಂದಿ ಉಂಡೆಯಾದಾಗ ಮರಿ ಎಲ್ಲಿ ಹೋಯಿತು?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಜಮೀನು ಕಾಡಿಗೆ ಅಂಟಿಕೊಂಡೇ ಇದೆ. ಹೋದ ವಾರ ರಾತ್ರಿ ಮೋಟಾರ್ ಆಫ್ ಮಾಡಲು ಹೋದಾಗ ಟಾರ್ಚ್ ಬೆಳಕಿಗೆ ಒಂದು ಚಿಪ್ಪುಹಂದಿ ಕಾಣಿಸಿತು. ಬಾಲದ ಬುಡದ ಮೇಲೆ ಪುಟ್ಟ ಮರಿ ಅಡ್ಡಡ್ಡ ಅಂಟಿಕೊಂಡು ಕೂತಿತ್ತು. ಜೊತೆಗಿದ್ದ ನಾಯಿ ಬೊಗಳಿದ್ದೇ ತಡ, ತಾಯಿ ಚೆಂಡಿನ ಹಾಗೆ ಸುತ್ತಿಕೊಂಡಿತು. ಮರಿ ಮಾತ್ರ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಹತ್ತು ನಿಮಿಷ ಹುಡುಕಿದೆ. ಬೆಳಗ್ಗೆ ನೋಡಿದರೆ ಬದುವಿನ ಬುಡದಲ್ಲಿ ಒಂದು ಬಿಲ, ಬಾಯಿಗೆ ಒಳಗಿಂದ ಮಣ್ಣು ಮುಚ್ಚಿದೆ. ಈಗ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಗಾಬರಿಯಾದರೆ ತಾಯಿಯೇ ಮರಿಯನ್ನು ತಿಂದುಬಿಡುತ್ತದೆ ಅಂತ ಒಬ್ಬರು. ಇದು ಮೊಟ್ಟೆ ಇಡುವ ಜಾತಿ, ಬಿಲದಲ್ಲಿ ಇನ್ನೂ ಮೊಟ್ಟೆ ಇರುತ್ತವೆ ಅಂತ ಇನ್ನೊಬ್ಬರು. ವರ್ಷಕ್ಕೆ ನಾಲ್ಕೈದು ಮರಿ ಹಾಕುತ್ತದೆ, ಬಿಟ್ಟರೆ ಜಮೀನು ತುಂಬಾ ಬಿಲ ಆಗುತ್ತದೆ ಅಂತ ಪಕ್ಕದವರು. ನನ್ನ ತಮ್ಮನಿಗೆ ಮರಿಯನ್ನು ತಂದು ಹಸುವಿನ ಹಾಲು ಹಾಕಿ ಸಾಕುವ ಆಸೆ. ಅವನದೇ ಇನ್ನೊಂದು ಪ್ರಶ್ನೆ: ಇಷ್ಟು ಬೇಡಿಕೆ ಇದ್ದರೆ ಇದನ್ನು ಕೋಳಿ, ಹಂದಿ ಥರ ಫಾರಂ ಮಾಡಿ ಬೆಳೆಸಬಾರದಾ, ಆಗ ಕಳ್ಳಬೇಟೆ ತಾನಾಗಿ ನಿಲ್ಲಲ್ವಾ? ನಾನು ಏನು ಮಾಡಲಿ, ಬಿಡಿಸಿ ಹೇಳಿ.

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ. ನೀವು ಹತ್ತು ನಿಮಿಷ ಹುಡುಕುವಾಗ ಆ ಮರಿ ನಿಮ್ಮ ಕಾಲ ಹತ್ತಿರವೇ ಇತ್ತು, ಆ ಚೆಂಡಿನ ಒಳಗೆ.

ಅಪಾಯ ಅನ್ನಿಸಿದ ತಕ್ಷಣ ತಾಯಿ ಮರಿಯನ್ನು ಬಾಲದಿಂದ ಹೊಟ್ಟೆಯ ಕಡೆಗೆ ಎಳೆದುಕೊಂಡು, ಅದರ ಸುತ್ತ ತಾನು ಸುತ್ತಿಕೊಳ್ಳುತ್ತದೆ. ಚಿಪ್ಪುಹಂದಿಯ ಹೊಟ್ಟೆಯ ಮೇಲೆ ಚಿಪ್ಪಿಲ್ಲ, ಮೆತ್ತಗಿನ ಚರ್ಮ. ಆ ಮೆತ್ತಗಿನ ಜಾಗಕ್ಕೆ ಮರಿ, ಅದರ ಮೇಲೆ ತಾಯಿಯ ತಲೆ, ಎಲ್ಲದರ ಮೇಲೆ ಅಗಲವಾದ ಬಾಲ. ಬಿಗಿ ಎಷ್ಟಿರುತ್ತದೆ ಅಂದರೆ ಇಬ್ಬರು ಗಂಡಸರು ಎಳೆದರೂ ಬಿಡಿಸಲಾಗದು. ದಯವಿಟ್ಟು ಯಾರೂ ಎಳೆದು ನೋಡಬೇಡಿ, ಚಿಪ್ಪಿನ ಅಂಚಿಗೆ ಬೆರಳು ಸಿಕ್ಕರೆ ನಿಮಗೂ ಕಷ್ಟ, ಅದಕ್ಕೂ ಕಷ್ಟ.

ನಾನು ಇದನ್ನು ಕಲಿತದ್ದು ಒಂದು ತಪ್ಪಿನಿಂದ. ವರ್ಷಗಳ ಹಿಂದೆ ಗೋಣಿಚೀಲದಲ್ಲಿ ಒಂದು ಹೆಣ್ಣು ಚಿಪ್ಪುಹಂದಿ ನನ್ನ ಹತ್ತಿರ ಬಂತು. ಚೀಲದ ಸಮೇತ ತೂಕ ಮಾಡಿ, ರಿಜಿಸ್ಟರಿನಲ್ಲಿ ‘ಹೆಣ್ಣು, ಒಂದು’ ಅಂತ ಬರೆದೆ. ನೆಲದ ಮೇಲೆ ಒಣಹುಲ್ಲು ಹಾಕಿ ಅದನ್ನು ಬಿಟ್ಟು, ದೀಪ ಆರಿಸಿ, ಬಾಗಿಲ ಸಂದಿನಲ್ಲಿ ನಿಂತು ಕಾದೆವು. ಹೆಚ್ಚೂಕಡಿಮೆ ಅರ್ಧ ಗಂಟೆ ಏನೂ ಇಲ್ಲ, ಬರೀ ಉಸಿರಾಡುವ ಸೊಸ್ ಸೊಸ್ ಸದ್ದು. ಆಮೇಲೆ ಬಾಲದ ತುದಿ ಒಂದಿಷ್ಟು ಸಡಿಲವಾಯಿತು. ಒದ್ದೆ ಮೂತಿ ಹೊರಗೆ ಬಂತು, ಗಾಳಿ ಮೂಸಿತು, ಮತ್ತೆ ಒಳಗೆ ಹೋಯಿತು. ಮತ್ತೆ ಬಂತು. ಈ ಸಲ ಅದರ ಗದ್ದದ ಕೆಳಗಿಂದ ಇನ್ನೊಂದು ಮೂತಿ, ಗುಲಾಬಿ ಬಣ್ಣದ್ದು, ಹೆಬ್ಬೆರಳಿಗಿಂತ ಸಣ್ಣದು. ನಾನು ಏನೂ ಮಾತಾಡದೆ ಹೋಗಿ ರಿಜಿಸ್ಟರಿನಲ್ಲಿ ‘ಒಂದು’ ಹೊಡೆದು ‘ಎರಡು’ ಅಂತ ಬರೆದೆ. ಅವತ್ತಿನಿಂದ ಸುತ್ತಿಕೊಂಡ ಹೆಣ್ಣು ಬಂದರೆ, ಒಳಗೆ ಇನ್ನೊಂದು ಇದೆ ಅಂತಲೇ ಹಿಡಿದು ಕೆಲಸ ಶುರು ಮಾಡುತ್ತೇನೆ.

ಇನ್ನು ತಾಯಿ ಮರಿಯನ್ನು ತಿನ್ನುವ ಮಾತು. ತಿನ್ನಲು ಅದಕ್ಕೆ ಹಲ್ಲೇ ಇಲ್ಲ. ಒಂದೂ ಇಲ್ಲ. ದವಡೆ ಸಣ್ಣ ಕಡ್ಡಿಯಂಥದ್ದು, ಬಾಯಿ ಅಗಲವಾಗಿ ತೆರೆಯುವುದೇ ಇಲ್ಲ. ಇರುವುದೆಲ್ಲ ನಾಲಿಗೆ: ಹುಳದಂತೆ ಉದ್ದ, ಅಂಟು ಜೊಲ್ಲು, ಅದರ ಬೇರು ಗಂಟಲಲ್ಲಿಲ್ಲ, ಎದೆಯ ಗೂಡು ದಾಟಿ ಕೊನೆಯ ಪಕ್ಕೆಲುಬುಗಳ ಹತ್ತಿರ ಇದೆ. ಇರುವೆ, ಗೆದ್ದಲು, ಅವುಗಳ ಮೊಟ್ಟೆ ನೆಕ್ಕಿ ನೇರ ನುಂಗುತ್ತದೆ. ಅಗಿಯುವ ಕೆಲಸ ಹೊಟ್ಟೆಗೆ. ಅಲ್ಲಿ ಒಳಗೋಡೆಯಲ್ಲಿ ಗಟ್ಟಿ ಮುಳ್ಳುಗಳಿವೆ, ಜೊತೆಗೆ ನುಂಗಿದ ಸಣ್ಣ ಕಲ್ಲು, ಮರಳು. ಕೋಳಿಯ ಕಲ್ಲುಗುಂಡಿಗೆ ನೋಡಿದವರಿಗೆ ಈ ಏರ್ಪಾಡು ಬೇಗ ಅರ್ಥವಾಗುತ್ತದೆ. ಇಂಥ ಬಾಯಿಯ ಪ್ರಾಣಿ ತನ್ನ ಮರಿಯನ್ನು ಹರಿದು ತಿನ್ನುವುದು ಆಗದ ಮಾತು. ಗಾಬರಿಯಿಂದ ತಾಯಿಗೆ ಹಾಲು ಕಡಿಮೆಯಾಗಬಹುದು, ತೀರಾ ಕಾಟ ಕೊಟ್ಟರೆ ಬಿಲ ಬಿಟ್ಟು ಹೋಗಬಹುದು. ಹೆದರುವುದಾದರೆ ಅದಕ್ಕೆ ಹೆದರಿ.

ಮೊಟ್ಟೆಯ ಕಥೆ ಹುಟ್ಟಿದ್ದು ಚಿಪ್ಪಿನಿಂದ. ಚಿಪ್ಪು ಕಂಡರೆ ಹಾವು, ಮೊಸಳೆ, ಮೀನು ನೆನಪಾಗುತ್ತವೆ, ಸಹಜವೇ. ಆದರೆ ಇದರ ಚಿಪ್ಪು ನಮ್ಮ ಉಗುರು, ಕೂದಲು ಯಾವುದರಿಂದ ಆಗಿದೆಯೋ ಆ ಕೆರಟಿನ್‌ನಿಂದಲೇ ಆದದ್ದು. ಒಂದು ಲೆಕ್ಕದಲ್ಲಿ ಮೈತುಂಬ ಉಗುರು ಬೆಳೆಸಿಕೊಂಡ ಪ್ರಾಣಿ. ಮೊಲೆ ಇದೆ, ಎರಡು, ಎದೆಯ ಮೇಲೆ ಕಂಕುಳ ಹತ್ತಿರ. ಗಬ್ಬ ಆಗುತ್ತದೆ, ಈಯುತ್ತದೆ, ಹಾಲು ಕೊಡುತ್ತದೆ. ಬಿಲದಲ್ಲಿ ಮೊಟ್ಟೆ ಏನಾದರೂ ಇದ್ದರೆ ಇರುವೆಯದ್ದೇ ಇರಬೇಕು. ಹೆಸರಿನಲ್ಲಿ ಹಂದಿ ಇದ್ದರೂ ಹಂದಿಯ ನೆಂಟನೂ ಅಲ್ಲ. ಬದುಕಿರುವ ಪ್ರಾಣಿಗಳಲ್ಲಿ ಇದಕ್ಕೆ ಹತ್ತಿರದ ಸಂಬಂಧ ನಾಯಿ, ಬೆಕ್ಕು, ಕರಡಿಗಳ ಗುಂಪು. ಅಂದರೆ ಅವತ್ತು ಬೊಗಳಿದ್ದು ದೂರದ ದಾಯಾದಿ! ತಮಾಷೆ ಏನಂದರೆ ಇದರ ಮಾಸು ಮಾತ್ರ ಹಂದಿ, ಕುದುರೆಗಳ ಮಾಸಿನ ಥರದ್ದೇ, ಗರ್ಭಕೋಶದ ಒಳಗೋಡೆಗೆ ಹಗುರವಾಗಿ ತಾಗಿಕೊಂಡು ಹರಡಿರುತ್ತದೆ, ಆಳಕ್ಕೆ ಕೊರೆದು ಇಳಿಯುವುದಿಲ್ಲ. ಹೆಸರಿಟ್ಟವರಿಗೆ ಇದು ಗೊತ್ತಿರಲಿಕ್ಕಿಲ್ಲ ಬಿಡಿ.

ವರ್ಷಕ್ಕೆ ನಾಲ್ಕೈದು ಮರಿ ಅನ್ನುವುದು ಪೂರಾ ಉಲ್ಟಾ. ಒಂದು ಸೂಲಿಗೆ ಒಂದೇ ಮರಿ. ಏಷ್ಯಾದ ಜಾತಿಗಳಲ್ಲಿ ಅಪರೂಪಕ್ಕೆ ಎರಡು ಆದ ದಾಖಲೆ ಇದೆ, ಅಷ್ಟೇ. ವರ್ಷದ ಲೆಕ್ಕಕ್ಕೆ ಬಂದರೂ ಹೆಚ್ಚೆಂದರೆ ಒಂದು ಅಂತಲೇ ಇಟ್ಟುಕೊಳ್ಳಿ. ಹೆಣ್ಣು ಮರಿ ಬೆಳೆದು ತಾನು ತಾಯಿಯಾಗಲು ಒಂದರಿಂದ ಎರಡು ವರ್ಷ ಬೇಕು. ಇಲಿ, ಮೊಲದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಗಾತ್ರದಲ್ಲಿ ಸಾಧಾರಣ ನಾಯಿಯಷ್ಟು, ಆದರೆ ಹೆರುವ ವಿಷಯದಲ್ಲಿ ದೊಡ್ಡ ಪ್ರಾಣಿಗಳ ಥರ ನಿಧಾನ.

ಎಷ್ಟು ತಿಂಗಳು ಗಬ್ಬ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಹುಡುಕಿದರೆ ನಿಮಗೆ ಮೊದಲು ಸಿಗುವುದು ತಪ್ಪು ಉತ್ತರ. ನಮ್ಮ ಭಾರತೀಯ ಚಿಪ್ಪುಹಂದಿಗೆ 65ರಿಂದ 70 ದಿನ ಅಂತ ಹಳೆಯ ಪುಸ್ತಕಗಳಲ್ಲಿದೆ, ಅದನ್ನೇ ನೋಡಿ ಎಲ್ಲರೂ ಬರೆಯುತ್ತಾ ಬಂದರು. ನಾಯಿಯ ಗಬ್ಬದಷ್ಟು! ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಇವನ್ನು ಸಾಕಿ, ಮರಿ ಮಾಡಿಸಿ, ಗಂಡು ಹೆಣ್ಣನ್ನು ಬೇರೆ ಮಾಡಿದ ದಿನದಿಂದ ಎಣಿಸಿದ ಮೇಲೆ ಲೆಕ್ಕ ಬದಲಾಯಿತು. ಕಡಿಮೆ ಅಂದರೂ ಐದು ತಿಂಗಳ ಮೇಲೆ, ಕೆಲವು ಸಲ ಎಂಟು ತಿಂಗಳವರೆಗೆ. ಚೀನಾ ಚಿಪ್ಪುಹಂದಿಯ ಮೇಲೆ 2016ರಲ್ಲಿ ಬಂದ ಅಧ್ಯಯನ ಆರರಿಂದ ಏಳೂವರೆ ತಿಂಗಳು ಅನ್ನುತ್ತದೆ. ಅದಕ್ಕೂ ಮೊದಲು ತೈವಾನಿನಲ್ಲಿ ಅದೇ ಜಾತಿಗೆ 318ರಿಂದ 372 ದಿನ ಎಣಿಸಿದ್ದರು, ಸರಿಸುಮಾರು ಒಂದು ವರ್ಷ.

ಒಂದೇ ಪ್ರಾಣಿಗೆ ಇಷ್ಟೊಂದು ಲೆಕ್ಕ ಹೇಗೆ? ಇದು ಒಂಟಿಯಾಗಿ, ರಾತ್ರಿ ಓಡಾಡುವ ಪ್ರಾಣಿ. ಗಂಡು ಹೆಣ್ಣು ಸೇರುವುದನ್ನು ಕಣ್ಣಾರೆ ನೋಡಿ ದಿನಾಂಕ ಬರೆದಿಟ್ಟವರು ಬಹಳ ಕಡಿಮೆ. ಹಳೆಯ ದಾಖಲೆಗಳಲ್ಲಿ ಎಷ್ಟೋ ಹೆಣ್ಣುಗಳು ಗಬ್ಬ ಇದ್ದಾಗಲೇ ಸಿಕ್ಕಿಬಿದ್ದಿದ್ದವು. ಬಂದ ಎರಡು ತಿಂಗಳಿಗೆ ಈದರೆ ಗಬ್ಬ ಎರಡೇ ತಿಂಗಳು ಅಂತ ಬರೆದುಕೊಳ್ಳುವುದು ಸುಲಭ, ಅಲ್ವಾ? ಇನ್ನೊಂದು ಸಾಧ್ಯತೆಯೂ ಇದೆ. ಕೆಲವು ಪ್ರಾಣಿಗಳಲ್ಲಿ ಫಲವಾದ ಭ್ರೂಣ ತಕ್ಷಣ ಗರ್ಭಕೋಶಕ್ಕೆ ಅಂಟಿ ಬೆಳೆಯುವುದಿಲ್ಲ, ಕೆಲವು ಕಾಲ ಸುಮ್ನೆ ತೇಲುತ್ತಾ ಕಾಯುತ್ತದೆ. ಕರಡಿಗಳಲ್ಲಿ ಇದು ಮಾಮೂಲಿ. ತೈವಾನಿನವರ ಆ ಒಂದು ವರ್ಷದ ಲೆಕ್ಕಕ್ಕೆ ಇದೇ ಕಾರಣ ಇರಬಹುದು ಅಂತ ಅಲ್ಲಿನ ಸಂಶೋಧಕರು ಊಹಿಸಿದ್ದರು. ಆಫ್ರಿಕಾದ ಮರ ಹತ್ತುವ ಸಣ್ಣ ಜಾತಿಗಳದ್ದು ಬೇರೆಯೇ ದಾರಿ: ಈದ ಕೆಲವೇ ದಿನಗಳಲ್ಲಿ ಮತ್ತೆ ಬೆದೆಗೆ ಬರುತ್ತವೆ, ಹಾಗಾಗಿ ಮರಿಗೆ ಹಾಲು ಕೊಡುತ್ತಲೇ ಹೊಟ್ಟೆಯಲ್ಲಿ ಇನ್ನೊಂದನ್ನು ಹೊತ್ತಿರುತ್ತವೆ. ಒಟ್ಟು ಎಂಟು ಜಾತಿಗಳಿವೆ ಅಂತ ಪಟ್ಟಿ, ನಾಲ್ಕು ಏಷ್ಯಾದಲ್ಲಿ, ನಾಲ್ಕು ಆಫ್ರಿಕಾದಲ್ಲಿ. ಒಂದಕ್ಕೆ ಹೇಳಿದ್ದನ್ನು ಇನ್ನೊಂದಕ್ಕೆ ಅಂಟಿಸುವುದರಿಂದಲೇ ಅರ್ಧ ಗೊಂದಲ.

ಉಪನ್ಯಾಸಕ್ಕೆ ಹೋದಾಗೆಲ್ಲ ಹಿಂದಿನ ಬೆಂಚಿನಿಂದ ಒಂದು ನಗುವಿನ ಜೊತೆ ಬರುವ ಪ್ರಶ್ನೆ: ಇಷ್ಟು ಚಿಪ್ಪು ಇಟ್ಟುಕೊಂಡು ಅವು ಸೇರುವುದಾದರೂ ಹೇಗೆ? ಹೊಟ್ಟೆ, ತೊಡೆಯ ಒಳಭಾಗದಲ್ಲಿ ಚಿಪ್ಪಿಲ್ಲ ಅಂದೆನಲ್ಲ. ಗಂಡು ಪಕ್ಕದಿಂದಲೋ ಹಿಂದಿನಿಂದಲೋ ಬಂದು, ಹೆಣ್ಣಿನ ಬಾಲದ ಅಡಿಗೆ ತನ್ನ ಬಾಲ ತೂರಿಸಿ ಹೆಣೆದುಕೊಳ್ಳುತ್ತದೆ, ಆಗ ಹೊಟ್ಟೆಯ ಭಾಗಗಳು ಎದುರಾಗುತ್ತವೆ. ಹೆಣ್ಣಿಗೆ ಒಪ್ಪಿಗೆ ಇಲ್ಲದಿದ್ದರೆ ಕಥೆ ಮುಗಿಯಿತು, ಅದು ಉಂಡೆಯಾಗುತ್ತದೆ. ಗಂಡು ಸಾಮಾನ್ಯವಾಗಿ ಹೆಣ್ಣಿಗಿಂತ ದೊಡ್ಡದು. ಹೊರಗೆ ಜೋತುಬಿದ್ದ ಬೀಜದ ಚೀಲ ಇಲ್ಲ, ತೊಡೆಯ ಸಂದಿನ ಚರ್ಮದ ಮಡಿಕೆಯೊಳಗೆ ಬೀಜಗಳು ಅಡಗಿರುತ್ತವೆ. ಅದಕ್ಕೇ ಮುದುಡಿಕೊಂಡ ಪ್ರಾಣಿಯನ್ನು ನೋಡಿ ಗಂಡೋ ಹೆಣ್ಣೋ ಹೇಳುತ್ತೇನೆ ಅನ್ನುವವರ ಮಾತು ಜಾಸ್ತಿ ನಂಬಬೇಡಿ.

ಈಗ ನಿಮ್ಮ ಮರಿಯ ವಿಷಯ. ಹುಟ್ಟುವಾಗ ಭಾರತೀಯ ಚಿಪ್ಪುಹಂದಿಯ ಮರಿ ಕಾಲು ಕೆಜಿ ಆಸುಪಾಸು, ಮೂತಿಯಿಂದ ಬಾಲದ ತುದಿವರೆಗೆ ಸುಮಾರು 30 ಸೆಂಟಿಮೀಟರ್. ಚಿಪ್ಪು ಇರುತ್ತದೆ, ಆದರೆ ಮೆತ್ತಗೆ, ಮಾಸಲು ಬಣ್ಣ, ಸ್ನಾನ ಮಾಡಿದ ಮೇಲಿನ ಉಗುರಿನ ಹಾಗೆ ಬಾಗುತ್ತದೆ. ಇಲ್ಲವಾದರೆ ತಾಯಿಗೆ ಹೆರಿಗೆ ನರಕ ಆಗುತ್ತಿತ್ತು. ಕೆಲವು ದಿನಗಳಲ್ಲಿ ಗಟ್ಟಿಯಾಗುತ್ತದೆ. ಚಿಪ್ಪುಗಳ ಸಂದಿನಲ್ಲಿ ಒರಟು ಕೂದಲು ಕಾಣಿಸುತ್ತದೆ, ಇದು ಏಷ್ಯಾದ ಜಾತಿಗಳ ಗುರುತು, ಆಫ್ರಿಕಾದವಕ್ಕೆ ಇಲ್ಲ. ಮೊದಲ ಎರಡು ಮೂರು ವಾರ ಮರಿ ಬಿಲದಲ್ಲೇ ಇರುತ್ತದೆ. ತಾಯಿ ರಾತ್ರಿ ಹೊರಗೆ ಹೋಗಿ ತಿಂದು ಬಂದು ಹಾಲು ಕೊಡುತ್ತದೆ, ಬಿಲದ ಬಾಯಿಗೆ ಒಳಗಿಂದ ಮಣ್ಣು ತಳ್ಳಿ ಮುಚ್ಚಿಕೊಂಡು ಮಲಗುತ್ತದೆ. ನೀವು ಬೆಳಗ್ಗೆ ನೋಡಿದ್ದು ಅದೇ ಮಣ್ಣು. ಆಮೇಲೆ ಸವಾರಿ ಶುರು. ಬಾಲದ ಬುಡದ ಮೇಲೆ, ಉಗುರು ಚಿಪ್ಪಿನ ಅಂಚಿಗೆ ಸಿಕ್ಕಿಸಿ, ಅಡ್ಡಡ್ಡ. ತಾಯಿ ಹುತ್ತ ಅಗೆಯುವಾಗ ಮರಿ ಕೆಳಗಿಳಿದು ಅಲ್ಲೇ ಇರುವೆ ನೆಕ್ಕಿ ರುಚಿ ನೋಡುತ್ತದೆ. ಯಾವ ಗೂಡು ಅಗೆಯಬೇಕು, ಎಷ್ಟು ತಿಂದು ಬಿಡಬೇಕು ಅನ್ನುವ ಪಾಠ ಆಗುವುದು ಈ ಓಡಾಟದಲ್ಲೇ. ಮೂರು ನಾಲ್ಕು ತಿಂಗಳಿಗೆ ಹಾಲು ಬಿಡುತ್ತದೆ. ತಾಯಿಯ ಜೊತೆ ಒಟ್ಟು ಐದಾರು ತಿಂಗಳು, ಕೆಲವು ಸಲ ಅದಕ್ಕಿಂತ ಜಾಸ್ತಿ. ನಿಮ್ಮ ವಿವರಣೆ ನೋಡಿದರೆ ಮರಿಗೆ ಕೆಲವು ವಾರ ಕಳೆದಿರಬೇಕು, ಇನ್ನೂ ಹಾಲು ಕುಡಿಯುವ ವಯಸ್ಸು. ಒಂದು ಒಳ್ಳೆಯ ಸುದ್ದಿ: ಸವಾರಿ ಮಾಡುವ ಹಂತಕ್ಕೆ ಬಂದಿದೆ ಅಂದರೆ ತಾಯಿ ಬೇಕೆನಿಸಿದಾಗ ಮರಿಯನ್ನು ಹೊತ್ತು ಬೇರೆ ಬಿಲಕ್ಕೆ ಹೋಗಬಲ್ಲದು.

ನಿಮ್ಮ ತಮ್ಮನಿಗೆ ಹೇಳಬೇಕಾದ ಮಾತು ಸ್ವಲ್ಪ ಖಾರ, ಬೇಜಾರು ಮಾಡಿಕೊಳ್ಳಬಾರದು. ಸಾಕುವ ಆಸೆಯಿಂದ ಮನೆಗೆ ತಂದ ಮರಿಗಳನ್ನು ನಾನು ನೋಡಿದ್ದೇನೆ. ರಟ್ಟಿನ ಡಬ್ಬಿ, ಒಳಗೆ ಹಳೆಯ ಟವೆಲ್, ಪಕ್ಕದಲ್ಲಿ ಹಾಲಿನ ಬಾಟಲಿ. ಮರಿಯ ಹೊಟ್ಟೆ ಡೊಳ್ಳಿನ ಹಾಗೆ ಊದಿರುತ್ತದೆ, ಹಿಂದೆ ಭೇದಿ ಅಂಟಿರುತ್ತದೆ, ಮೂಗಿನ ತುದಿಯಲ್ಲಿ ಹಾಲಿನ ಗುಳ್ಳೆ. ಆ ಗುಳ್ಳೆ ಕಂಡರೆ ಹಾಲು ಶ್ವಾಸಕೋಶಕ್ಕೂ ಹೋಗಿರಬಹುದು ಅಂತ ಅರ್ಥ. ತಂದವರು ಕೆಟ್ಟವರಲ್ಲ, ರಾತ್ರಿಯೆಲ್ಲ ನಿದ್ದೆಗೆಟ್ಟಿರುತ್ತಾರೆ. ಆದರೆ ಹಸುವಿನ ಹಾಲಿನಲ್ಲಿ ಸಕ್ಕರೆಯಂಶ ಹೆಚ್ಚು, ಅದು ಈ ಕರುಳಿಗೆ ಹೊಂದುವುದಿಲ್ಲ. 2023ರ ಫೆಬ್ರವರಿಯಲ್ಲಿ ಪ್ರಾಗ್ ಮೃಗಾಲಯದಲ್ಲಿ ಚೀನಾ ಚಿಪ್ಪುಹಂದಿಯ ಮರಿ ಹುಟ್ಟಿತು, ಯೂರೋಪಿನಲ್ಲಿ ಈ ಜಾತಿಯದ್ದು ಅದೇ ಮೊದಲು. ಹುಟ್ಟಿದಾಗ 135 ಗ್ರಾಂ. ತಾಯಿಗೆ ಹಾಲು ಸಾಲದೆ ಮರಿಯ ತೂಕ ಇಳಿಯತೊಡಗಿತು. ತೈವಾನಿನ ಅನುಭವಿಗಳನ್ನು ಕೇಳಿ, ಬೆಕ್ಕಿನ ಹಾಲು ಹಾಕಿ ಉಳಿಸಿಕೊಂಡರು. ದಾಯಾದಿ ಅಂದೆನಲ್ಲ, ಇಲ್ಲಿ ಕೆಲಸಕ್ಕೆ ಬಂತು. ಇದು ದಿನವಿಡೀ ವೈದ್ಯರು ಇರುವ ಜಾಗದ ಕಥೆ, ಅಲ್ಲೂ ಕೈ ನಡುಗಿತ್ತು ಅಂತ ನೆನಪಿಡಿ.

ಹಾಲೊಂದೇ ಸಮಸ್ಯೆ ಅಲ್ಲ. ಚಿಪ್ಪುಹಂದಿಯ ಮೈಬಿಸಿ ನಮ್ಮದಕ್ಕಿಂತ ಕಡಿಮೆ, ಸುಮಾರು 32ರಿಂದ 35 ಡಿಗ್ರಿ ಸೆಲ್ಸಿಯಸ್. ಮರಿಗೆ ತಾಯಿಯ ಹೊಟ್ಟೆಯೇ ಹಾಸಿಗೆ, ಅದೇ ಹೊದಿಕೆ. ಚಳಿ ಸೋಕಿದರೆ ನ್ಯುಮೋನಿಯಾ ಬೇಗ ಹಿಡಿಯುತ್ತದೆ. ದೊಡ್ಡವು ಕೂಡ ಒತ್ತಡಕ್ಕೆ ಸಿಕ್ಕರೆ ಹೊಟ್ಟೆಯಲ್ಲಿ ಹುಣ್ಣಾಗಿ, ರಕ್ತ ಸೋರಿ ಸಾಯುತ್ತವೆ. ಹೊರಗೆ ಏನೂ ಕಾಣುವುದಿಲ್ಲ, ಇವತ್ತು ಚೆನ್ನಾಗಿ ತಿಂದದ್ದು ನಾಳೆ ಬೆಳಗ್ಗೆ ಇರುವುದಿಲ್ಲ. 2016ರಲ್ಲಿ ಇದರ ಜೀನುಗಳ ಪೂರ್ತಿ ನಕ್ಷೆ ಓದಿದಾಗ ಒಂದು ವಿಚಿತ್ರ ಸಿಕ್ಕಿತು. ಇಂಟರ್‌ಫೆರಾನ್ ಎಪ್ಸಿಲಾನ್ ಅನ್ನುವ ಜೀನು ಬೇರೆ ಸಸ್ತನಿಗಳಲ್ಲಿ ಚರ್ಮ, ಕರುಳು, ಶ್ವಾಸಕೋಶ, ಗರ್ಭಕೋಶಗಳ ಒಳಪದರವನ್ನು ಸೋಂಕಿನಿಂದ ಕಾಯುತ್ತದೆ. ಚಿಪ್ಪುಹಂದಿಯಲ್ಲಿ ಅದು ಕೆಟ್ಟು ನಿಂತಿದೆ. ಹೊರಗೆ ಚಿಪ್ಪಿನ ಕಾವಲು ಬಂದಮೇಲೆ ಒಳಗಿನ ಕಾವಲುಗಾರನಿಗೆ ರಜೆ ಸಿಕ್ಕಿರಬಹುದು ಅಂತ ಆ ಸಂಶೋಧಕರ ಅನುಮಾನ. ಕಾರಣ ಏನೇ ಇರಲಿ, ಬೋನಿನಲ್ಲಿಟ್ಟರೆ ಸೋಂಕು ತಟ್ಟುವುದನ್ನು ನಾವು ಮತ್ತೆ ಮತ್ತೆ ನೋಡುತ್ತೇವೆ. ಇದೆಲ್ಲ ಬಿಟ್ಟರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿರುವ ಪ್ರಾಣಿ ಇದು. ಹುಲಿ ಮರಿಯನ್ನು ಮನೆಗೆ ತಂದರೆ ಎಷ್ಟು ಅಪರಾಧವೋ ಇದೂ ಅಷ್ಟೇ.

ಫಾರಂ ವಿಚಾರ. ಪ್ರಶ್ನೆ ಮೂರ್ಖತನದ್ದಲ್ಲ, ಬೇರೆ ದೇಶಗಳಲ್ಲಿ ದುಡ್ಡು ಹಾಕಿ ಪ್ರಯತ್ನ ಮಾಡಿದವರಿದ್ದಾರೆ. ನೀವೇ ಕೂತು ಲೆಕ್ಕ ಹಾಕಿ. ಸಾಕುವ ಹಂದಿ ವರ್ಷಕ್ಕೆ ಎರಡು ಸೂಲು, ಸೂಲಿಗೆ ಹತ್ತರ ಮೇಲೆ ಮರಿ. ಚಿಪ್ಪುಹಂದಿ ವರ್ಷಕ್ಕೆ ಒಂದು, ಅದೂ ಎಲ್ಲ ಸರಿಹೋದರೆ. ಬೋನಿನಲ್ಲಿ ಹುಟ್ಟಿದ ಮರಿ ಬೆಳೆದು, ಅದು ಮತ್ತೆ ಬೋನಿನಲ್ಲೇ ಮರಿ ಹಾಕುವಂತೆ ಮಾಡುವುದು ದೊಡ್ಡ ದೊಡ್ಡ ಮೃಗಾಲಯಗಳಿಗೂ ಅಪರೂಪದ ಸಾಧನೆ. ಜೊತೆಗೆ ತಿನ್ನಿಸುವುದೇನು? ದಿನಾ ಇರುವೆ ಗೆದ್ದಲು ಒದಗಿಸಬೇಕು, ಇಲ್ಲವೇ ರುಚಿ ಹಿಡಿಸುವ ಬದಲಿ ಆಹಾರ ಮಾಡಬೇಕು, ಅದನ್ನು ಮುಟ್ಟದೆ ಉಪವಾಸ ಬೀಳುವವೂ ಇವೆ. ಹೀಗಿರುವಾಗ ಫಾರಂ ಅಂತ ಬೋರ್ಡು ಹಾಕಿದವನಿಗೆ ಕಾಡಿನಿಂದ ಹಿಡಿದು ತಂದು ‘ನಮ್ಮಲ್ಲೇ ಹುಟ್ಟಿದ್ದು’ ಅನ್ನುವುದೇ ಅಗ್ಗ. ಕಳ್ಳಬೇಟೆ ನಿಲ್ಲುವ ಬದಲು ಅದಕ್ಕೆ ರಸೀದಿ ಸಿಗುತ್ತದೆ.

ಬೇಡಿಕೆ ಯಾತಕ್ಕೆ ಅಂತಲೂ ಹೇಳಿಬಿಡುತ್ತೇನೆ, ಇದೂ ಹೆರಿಗೆಗೆ ಸಂಬಂಧಿಸಿದ್ದೇ. ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಬಾಣಂತಿಗೆ ಹಾಲು ಹೆಚ್ಚಿಸಲು ಇದರ ಚಿಪ್ಪಿನ ಪುಡಿ ಕೊಡುವ ರೂಢಿ ಇತ್ತು. ಉಗುರು ತಿಂದರೆ ಹಾಲು ಹೆಚ್ಚುವುದಾದರೆ ಉಗುರು ಕಚ್ಚುವವರಿಗೆಲ್ಲ ಹೆಚ್ಚಬೇಕಿತ್ತು. 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ಸೈಟಿಸ್ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಸಭೆಯಲ್ಲಿ ಎಂಟೂ ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಿಸಿದರು. 2020ರಲ್ಲಿ ಚೀನಾ ತನ್ನ ಅಧಿಕೃತ ಔಷಧ ಗ್ರಂಥದ ಕಚ್ಚಾವಸ್ತುಗಳ ಪಟ್ಟಿಯಿಂದ ಚಿಪ್ಪನ್ನು ತೆಗೆಯಿತು. ಆದರೂ ಕಳ್ಳಸಾಗಣೆ ನಿಂತಿಲ್ಲ. ಒಂದು ಗಬ್ಬದ ಹೆಣ್ಣು ಹೋದರೆ ಎರಡು ಜೀವ, ಮತ್ತೆ ಮುಂದಿನ ವರ್ಷಗಳ ಒಂದೊಂದು ಮರಿ. ಆ ಜಾಗ ಅಷ್ಟು ಬೇಗ ತುಂಬುವುದಿಲ್ಲ.

ಸರಿ, ನೀವು ಏನು ಮಾಡಬೇಕು? ನನ್ನ ಮೊದಲ ಸಲಹೆ ಏನೂ ಮಾಡದಿರುವುದು. ತಾಯಿ ಚೆನ್ನಾಗಿದೆ, ಮರಿ ಜೊತೆಗಿದೆ, ಬಿಲ ಇದೆ, ಹೊಟ್ಟೆಗೆ ಹುತ್ತಗಳಿವೆ. ನಿಮ್ಮ ಬೆಳೆ, ಬೇರು ಯಾವುದನ್ನೂ ಅದು ತಿನ್ನುವುದಿಲ್ಲ. ಬದು ಒಂದಿಷ್ಟು ಕೆದಕುತ್ತದೆ, ಅದನ್ನು ಮಳೆಗಾಲದ ಮುಂಚೆ ಸರಿ ಮಾಡಿಕೊಂಡರಾಯಿತು. ಸುಮ್ಮನಿರುವುದರಲ್ಲೂ ಅಪಾಯ ಇಲ್ಲ ಅಂತಲ್ಲ. ದೊಡ್ಡ ಅಪಾಯ ನಿಮ್ಮ ನಾಯಿ. ದೊಡ್ಡ ಚಿಪ್ಪುಹಂದಿಗೆ ಒಂದು ನಾಯಿ ಏನೂ ಮಾಡಲಾರದು, ಆದರೆ ಎರಡು ಮೂರು ಸೇರಿ ಗಂಟೆಗಟ್ಟಲೆ ಕಾಟ ಕೊಟ್ಟರೆ, ಅಥವಾ ಮರಿ ಇಳಿದಿದ್ದಾಗ ಸಿಕ್ಕರೆ ಕಷ್ಟ. ಎರಡು ಮೂರು ತಿಂಗಳು ರಾತ್ರಿ ಹೊತ್ತು ನಾಯಿಯನ್ನು ಕಟ್ಟಿ.

ಇನ್ನೊಂದು, ಸೋಲಾರ್ ಬೇಲಿ ಇದ್ದರೆ ಕೆಳಗಿನ ತಂತಿ. ದಕ್ಷಿಣ ಆಫ್ರಿಕಾದಲ್ಲಿ ಇದರಿಂದ ಬಹಳ ಚಿಪ್ಪುಹಂದಿಗಳು ಸಾಯುತ್ತವೆ. ಅಲ್ಲಿನ ಜಾತಿ ಹಿಂಗಾಲಲ್ಲಿ ನಡೆಯುತ್ತದೆ, ಚಿಪ್ಪಿಲ್ಲದ ಹೊಟ್ಟೆ ನೇರ ತಂತಿಗೆ ತಾಗುತ್ತದೆ. ಶಾಕ್ ಹೊಡೆದಾಗ ಬೇರೆ ಪ್ರಾಣಿ ಹಿಂದಕ್ಕೆ ಹಾರುತ್ತದೆ, ಇದು ಉಂಡೆಯಾಗುತ್ತದೆ, ತಂತಿಯನ್ನೇ ಸುತ್ತಿಕೊಂಡು. ಬಿಡುವುದಿಲ್ಲ, ಶಾಕ್ ನಿಲ್ಲುವುದಿಲ್ಲ. ಸಿಂಹಕ್ಕೂ ಸೋಲದ ಉಪಾಯವೇ ಅದನ್ನು ಕೊಲ್ಲುತ್ತದೆ. ನಮ್ಮ ಜಾತಿ ಹೆಚ್ಚಾಗಿ ನಾಲ್ಕು ಕಾಲಲ್ಲೇ ನಡೆಯುತ್ತದೆ, ಆದರೂ ಕೆಳಗಿನ ತಂತಿ ನೆಲಕ್ಕೆ ತೀರಾ ಹತ್ತಿರ ಇದ್ದರೆ ಆ ಒಂದು ಎಳೆಯ ಕರೆಂಟ್ ತಪ್ಪಿಸಿ.

ಎರಡನೇ ದಾರಿ, ಅರಣ್ಯ ಇಲಾಖೆಯವರನ್ನು ಕರೆಸಿ ಹಿಡಿಸಿ ಬೇರೆ ಕಡೆ ಬಿಡಿಸುವುದು. ಜನ ಇದೇ ಪುಣ್ಯದ ಕೆಲಸ ಅಂದುಕೊಳ್ಳುತ್ತಾರೆ. ಮರಿ ಇರುವ ತಾಯಿಗೆ ನಾನು ಇದನ್ನು ಒಪ್ಪುವುದಿಲ್ಲ. ಹಿಡಿಯುವ ಗಲಾಟೆಯಲ್ಲಿ ಮರಿ ಬಿಲದಲ್ಲೇ ಉಳಿದರೆ ಮುಗಿಯಿತು. ಹೊಸ ಜಾಗದಲ್ಲಿ ಬಿಲ ಇಲ್ಲ, ಹುತ್ತ ಎಲ್ಲಿದೆ ಗೊತ್ತಿಲ್ಲ, ಬೆನ್ನ ಮೇಲೆ ಹಾಲು ಕುಡಿಯುವ ಮರಿ. ಬಾವಿಗೆ ಬಿದ್ದಿದ್ದರೆ, ಉರುಳಿಗೆ ಸಿಕ್ಕಿದ್ದರೆ, ಗಾಯ ಆಗಿದ್ದರೆ, ತಾಯಿ ಸತ್ತು ಮರಿ ಒಂದೇ ಇದ್ದರೆ, ಅಥವಾ ಹಗಲಲ್ಲಿ ಮರಿ ಒಂಟಿಯಾಗಿ ಅಲೆಯುತ್ತಿದ್ದರೆ ಮಾತ್ರ ತಡಮಾಡದೆ ಕರೆಯಿರಿ. ಅವರು ಬರುವವರೆಗೆ ಗಾಳಿಯಾಡುವ, ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ಬಟ್ಟೆ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಒಂದು ಮೂಲೆಗೆ, ಕತ್ತಲೆ, ನಿಶ್ಶಬ್ದ. ಹಾಲು ಬೇಡ. ಬಾಯಿಗೆ ನೀರು ಹಿಂಡುವುದೂ ಬೇಡ. ಬಿಡಿಸಿ ನೋಡುವುದು, ಮಕ್ಕಳ ಕೈಗೆ ಕೊಟ್ಟು ಫೋಟೋ ತೆಗೆಯುವುದು ಬೇಡವೇ ಬೇಡ.

ಫೋಟೋ ಅಂದಾಗ ನೆನಪಾಯಿತು. ಅವತ್ತು ವಿಡಿಯೋ ಮಾಡಿದ್ದರೆ ಅದನ್ನು ಎಲ್ಲೂ ಹಾಕಬೇಡಿ, ಗ್ರೂಪಿಗೂ ಕಳಿಸಬೇಡಿ. ಈ ಜಾಗದಲ್ಲಿ ಚಿಪ್ಪುಹಂದಿ ಇದೆ, ಅದಕ್ಕೆ ಮರಿ ಇದೆ, ಅಂದರೆ ದೂರ ಓಡುವುದಿಲ್ಲ ಅನ್ನುವ ಸುದ್ದಿಯನ್ನು ನೀವು ಬೇಟೆಗಾರನಿಗೆ ಬಿಟ್ಟಿ ಕೊಟ್ಟ ಹಾಗೆ. ಪಕ್ಕದವರಿಗೆ ಈಗಾಗಲೇ ಗೊತ್ತಿದೆ, ಅದಕ್ಕೆ ಏನೂ ಮಾಡಲಾಗದು. ಇದು ಗೆದ್ದಲು ತಿನ್ನುತ್ತದೆ ಅನ್ನುವ ವಿಷಯ ಅವರಿಗೆ ಹೇಳಿ, ಜಮೀನಿನವರಿಗೆ ಅದು ಬೇಗ ಒಪ್ಪಿಗೆಯಾಗುತ್ತದೆ.

ಕೊನೆಗೆ ಬಿಲ. ಮುಚ್ಚಬೇಡಿ, ಹೊಗೆ ಹಾಕಬೇಡಿ, ಕೋಲು ಹಾಕಿ ನೋಡಬೇಡಿ. ಒಳಗೆ ಇದೆಯೋ ಇಲ್ಲವೋ ತಿಳಿಯಲು ದೂರದಿಂದ ಬಾಯಿಯ ಮಣ್ಣು ನೋಡಿದರೆ ಸಾಕು. ಬೆಳಗ್ಗೆ ಹಸಿ ಮಣ್ಣಿನಿಂದ ಮುಚ್ಚಿದ್ದರೆ ಒಳಗಿದೆ. ನಾಲ್ಕೈದು ದಿನ ಬಾಯಿ ತೆರೆದೇ ಇದ್ದು, ಜೇಡ ಬಲೆ ಕಟ್ಟಿದ್ದರೆ ತಾಯಿ ಮರಿಯನ್ನು ಹೊತ್ತು ಬೇರೆ ಕಡೆ ಹೋಗಿದೆ. ಆಗಲೂ ತಕ್ಷಣ ಮಣ್ಣು ತುಂಬಬೇಡಿ. ಇವು ಬಿಲ ಬದಲಿಸುತ್ತಾ ಇರುತ್ತವೆ, ಬಿಟ್ಟ ಬಿಲಕ್ಕೆ ಬೇರೆ ಪ್ರಾಣಿಗಳೂ ಸೇರಿಕೊಳ್ಳುತ್ತವೆ. ಹಾಗಾಗಿ ಆಮೇಲೆ ಬದು ಸರಿಮಾಡುವ ದಿನ ಕೈ ಹಾಕುವ ಮುಂಚೆ ಒಳಗೆ ಯಾರಿದ್ದಾರೆ ಅಂತ ನೋಡಿಕೊಳ್ಳಿ, ಹಾವೂ ಇರಬಹುದು.